ಆರಿಯಸ್: ಎದುರಾಳಿಗಳ ಬರಹದಲ್ಲಿ ಉಳಿದ ಬದುಕು

ಚಾಮರಾಜಪೇಟೆಯ ಶ್ರೀ ಚಾಮರಾಜೇಂದ್ರ ಸಂಸ್ಕೃತ ಮಹಾವಿದ್ಯಾಲಯದಂತಹ ವಿದ್ಯಾಕೇಂದ್ರಗಳಲ್ಲಿ ವೇದಾಂತವನ್ನೋ ತರ್ಕವನ್ನೋ ಅಭ್ಯಾಸ ಮಾಡುವವರು ಮೊದಲಿಗೇ ಒಂದು ಶಿಸ್ತನ್ನು ರೂಢಿಸಿಕೊಳ್ಳಬೇಕಾಗುತ್ತದೆ. ಪರಮತವನ್ನು ಖಂಡಿಸುವ ಮುನ್ನ ಆ ಮತದವರೇ ತಲೆದೂಗುವಂತೆ ಅದನ್ನು ಮಂಡಿಸಬೇಕು. ಅದು ಪೂರ್ವಪಕ್ಷ. ಅದಾದ ಮೇಲೆಯೇ ಸಿದ್ಧಾಂತ. ಬಸವನಗುಡಿಯ ಉತ್ತರಾದಿ ಮಠದಲ್ಲಾಗಲಿ, ಶಂಕರಪುರದ ಶಂಕರ ಮಠದಲ್ಲಾಗಲಿ ವಿದ್ವಾಂಸರ ವಾಕ್ಯಾರ್ಥವನ್ನು ಆಲಿಸಿದವರಿಗೆ ಈ ಕ್ರಮ ಹೊಸತೇನಲ್ಲ.

ಇದೇ ಹಳೆಯ ಬೆಂಗಳೂರಿನಲ್ಲಿ, ಚಾಮರಾಜಪೇಟೆಯ ಸೇಂಟ್ ಲ್ಯೂಕ್ಸ್ ಚರ್ಚಿನಂತಹ ದೇವಾಲಯಗಳಲ್ಲಿ, 1934ರಿಂದ ಮಲ್ಲೇಶ್ವರದಲ್ಲಿರುವ ಸಂತ ಪೇತ್ರರ ಗುರುಮಠದಲ್ಲಿ, ಆರಾಧನೆಯ ಅಂಗವಾಗಿ ಒಂದು ವಿಶ್ವಾಸಪ್ರಮಾಣವನ್ನು ಹೇಳುವ ರೂಢಿಯಿದೆ. ಅದಕ್ಕೆ ನೈಸಿಯಾದ ವಿಶ್ವಾಸಪ್ರಮಾಣವೆಂದು ಹೆಸರು. ಯೇಸುಕ್ರಿಸ್ತನು ದೇವರ ಮಗನೆಂಬ ಮಾತಿನ ಅರ್ಥವೇನು ಎಂಬುದನ್ನು ಅದು ಒಂದರ ಮೇಲೊಂದು ವಿಶೇಷಣವನ್ನಿಟ್ಟು ಬಿಗಿಯಾಗಿ ಹೇಳುತ್ತದೆ. ಇಷ್ಟು ಬಿಗಿ ಏತಕ್ಕೆ ಎಂಬುದು ಅದನ್ನು ಬಾಯಿಪಾಠವಾಗಿ ಹೇಳುವವರಿಗೂ ಹಲವೊಮ್ಮೆ ತಿಳಿದಿರುವುದಿಲ್ಲ. ಆ ಸಾಲುಗಳು ಒಬ್ಬ ವ್ಯಕ್ತಿಗೆ ಕೊಟ್ಟ ಉತ್ತರ. ಆದರೆ ಅವನ ಹೆಸರು ಅದರಲ್ಲಿಲ್ಲ. ಸಿದ್ಧಾಂತ ಉಳಿಯಿತು, ಪೂರ್ವಪಕ್ಷದವನ ಪುಸ್ತಕಗಳನ್ನು ಸುಡಬೇಕೆಂದು ಅರಸನ ಆಜ್ಞೆ ಹೊರಟಿತು.

ಆತ ಈಜಿಪ್ಟಿನ ಅಲೆಕ್ಸಾಂಡ್ರಿಯ ನಗರದ ಪಾದ್ರಿ ಆರಿಯಸ್. ಆತನ ವಿಚಾರ ನಿರ್ಣಯಕ್ಕೆಂದು ಕ್ರಿ.ಶ. 325ರಲ್ಲಿ ಸೇರಿದ್ದ ನೈಸಿಯಾ ಮಹಾಸಭೆಗೆ 2025ರಲ್ಲಿ 1700 ವರ್ಷಗಳು ತುಂಬಿದವು. ಆ ವರ್ಷದ ನವೆಂಬರ್‌ನಲ್ಲಿ ಪೋಪ್ ಹದಿನಾಲ್ಕನೆಯ ಲಿಯೋ ಅವರು ನೈಸಿಯಾ ಇದ್ದ ಸ್ಥಳವಾದ ಟರ್ಕಿಯ ಇಜ್ನಿಕ್ ಪಟ್ಟಣಕ್ಕೆ ತೆರಳಿ ಪ್ರಾರ್ಥನೆ ಸಲ್ಲಿಸಿದರು. ಸಭೆಯ ಗೆಲುವನ್ನು ಲೋಕ ಸ್ಮರಿಸಿದ ಈ ಸಂದರ್ಭದಲ್ಲಿ, ಸೋತವನ ಬದುಕನ್ನೂ ಒಮ್ಮೆ ತಿರುವಿ ನೋಡುವುದು ಉಚಿತ.

ಲಿಬಿಯದಿಂದ ಅಲೆಕ್ಸಾಂಡ್ರಿಯಕ್ಕೆ

ಆರಿಯಸ್ ಹುಟ್ಟಿದ್ದು ಕ್ರಿ.ಶ. 256ರ ಆಸುಪಾಸಿನಲ್ಲಿ, ಬಹುಶಃ ಲಿಬಿಯದಲ್ಲಿ. ಆಂಟಿಯಾಕ್ ನಗರದ ಲೂಸಿಯನ್ ಎಂಬ ಪ್ರಸಿದ್ಧ ಬೈಬಲ್ ವಿದ್ವಾಂಸನ ಶಿಷ್ಯವರ್ಗಕ್ಕೆ ಆತ ಸೇರಿದ್ದನೆಂದು ಆತನ ಪತ್ರವೊಂದರಿಂದ ಊಹಿಸಬಹುದು. ತನ್ನ ಗೆಳೆಯನೊಬ್ಬನನ್ನು ಆತ ಅದರಲ್ಲಿ ಲೂಸಿಯನ್ನನ ಬಳಗದ ಸಹಪಾಠಿಯೆಂಬಂತೆ ಸಂಬೋಧಿಸಿದ್ದಾನೆ. ಈ ಸಹಪಾಠಿ ಬಳಗವೇ ಮುಂದೆ ಆತನ ಕಷ್ಟಕಾಲದಲ್ಲಿ ಆಸರೆಯಾಯಿತು.

ಆ ಕಾಲದ ಕ್ರೈಸ್ತರ ಸ್ಥಿತಿ ನೆಮ್ಮದಿಯದಾಗಿರಲಿಲ್ಲ. 303ರಲ್ಲಿ ರೋಮ್ ಚಕ್ರವರ್ತಿ ಡಯೊಕ್ಲೀಷಿಯನ್ ಆರಂಭಿಸಿದ ಹಿಂಸೆಯಲ್ಲಿ ಚರ್ಚುಗಳು ನೆಲಸಮವಾದವು, ಧರ್ಮಗ್ರಂಥಗಳು ಬೆಂಕಿಗೆ ಬಿದ್ದವು. ಅಲೆಕ್ಸಾಂಡ್ರಿಯದ ಧರ್ಮಾಧ್ಯಕ್ಷ ಪೀಟರ್ 311ರಲ್ಲಿ ಹುತಾತ್ಮನಾದ. ಮರುವರ್ಷ ಲೂಸಿಯನ್ನನೂ ಪ್ರಾಣ ತೆತ್ತ. 313ರಲ್ಲಿ ಕ್ರೈಸ್ತ ಧರ್ಮಕ್ಕೆ ರಾಜಮನ್ನಣೆ ದೊರೆತಾಗ ಆರಿಯಸ್‌ಗೆ ಐವತ್ತು ದಾಟಿತ್ತು. ಅದೇ ವರ್ಷ ಅಲೆಕ್ಸಾಂಡರ್ ಎಂಬಾತ ಅಲೆಕ್ಸಾಂಡ್ರಿಯದ ಧರ್ಮಾಧ್ಯಕ್ಷನಾದ. ನಗರದ ಬೌಕಾಲಿಸ್ ಎಂಬ ಚರ್ಚಿನ ಹೊಣೆ ಆರಿಯಸ್‌ನದಾಗಿತ್ತು.

ಆತ ನೋಡಲು ಹೇಗಿದ್ದ ಎಂಬುದನ್ನು ನಾವು ತಿಳಿಯುವುದೂ ಎದುರಾಳಿಯಿಂದಲೇ. ನಾಲ್ಕನೆಯ ಶತಮಾನದ ಉತ್ತರಾರ್ಧದಲ್ಲಿ ಪಾಷಂಡ ಮತಗಳ ದೊಡ್ಡ ಪಟ್ಟಿಯೊಂದನ್ನು ಬರೆದ ಎಪಿಫಾನಿಯಸ್ ಪ್ರಕಾರ ಆತ ಎತ್ತರದ ಆಳು. ತಗ್ಗಿಸಿದ ಮುಖ, ತೋಳಿಲ್ಲದ ಸರಳ ಅಂಗಿ, ಕಿವಿಗೆ ಹಿತವಾದ ಮಾತು. ಬ್ರಹ್ಮಚರ್ಯ ವ್ರತ ತೊಟ್ಟ ಸುಮಾರು ಎಪ್ಪತ್ತು ಮಂದಿ ಸ್ತ್ರೀಯರು ಆತನನ್ನು ಗುರುವೆಂದು ಅನುಸರಿಸುತ್ತಿದ್ದರು. ಎಪಿಫಾನಿಯಸ್ ಇದನ್ನು ಬರೆದದ್ದು ಹಾವಿನ ನಯವಂಚನೆಯನ್ನು ಬಣ್ಣಿಸುವ ಧಾಟಿಯಲ್ಲಿ. ಆದರೆ ಆ ಧಾಟಿಯನ್ನು ಬದಿಗಿಟ್ಟು ಓದಿದರೆ ಕಾಣುವುದು ಒಬ್ಬ ವಿರಕ್ತ, ಜನಪ್ರಿಯ ಉಪದೇಶಕನ ಚಿತ್ರ.

ವಿವಾದದ ತಿರುಳು

ಮಗನೆಂಬ ಮಾತಿನ ಅರ್ಥದ ಬಗ್ಗೆ ಜಗಳ ಆರಿಯಸ್‌ನಿಂದ ಆರಂಭವಾದುದಲ್ಲ. ಆತನಿಗಿಂತ ಎರಡು ತಲೆಮಾರು ಹಿಂದೆ ಆಂಟಿಯಾಕ್‌ನ ಧರ್ಮಾಧ್ಯಕ್ಷನಾಗಿದ್ದ ಸಮೊಸಾಟದ ಪೌಲನು ಯೇಸು ಮೂಲತಃ ಮನುಷ್ಯನೆಂದೂ, ದೈವೀ ವಚನವು ಅವನಲ್ಲಿ ವಿಶೇಷವಾಗಿ ನೆಲೆಸಿತೆಂದೂ ಬೋಧಿಸಿದನೆಂಬ ಆಪಾದನೆಗೆ ಗುರಿಯಾಗಿ 268ರಲ್ಲಿ ಪದಚ್ಯುತನಾಗಿದ್ದ. ದೇವರು ಒಬ್ಬ ಸತ್ಪುರುಷನನ್ನು ದತ್ತು ಸ್ವೀಕರಿಸಿದಂತೆ ಮಗನನ್ನಾಗಿ ಮಾಡಿಕೊಂಡನೆಂಬ ಈ ಬಗೆಯ ಮತವನ್ನು ದತ್ತಕವಾದ ಎನ್ನಬಹುದು. ಇದಕ್ಕೆ ತೀರ ವಿರುದ್ಧವಾಗಿ, ತಂದೆ, ಮಗ, ಪವಿತ್ರಾತ್ಮ ಎಂಬುವು ಒಬ್ಬನೇ ದೇವರು ತೊಡುವ ಮೂರು ವೇಷಗಳಷ್ಟೇ ಎನ್ನುವ ಸಬೆಲಿಯಸ್‌ನ ಪಂಥವೂ ಇತ್ತು. ಚರ್ಚು ಎರಡನ್ನೂ ತಿರಸ್ಕರಿಸಿತ್ತು. ಇವೆರಡರ ನಡುವೆ ಸರಿಯಾದ ದಾರಿ ಯಾವುದು ಎಂಬುದಿನ್ನೂ ನಿರ್ಣಯವಾಗಿರಲಿಲ್ಲ.

ಸುಮಾರು 318ರಲ್ಲಿ ಧರ್ಮಾಧ್ಯಕ್ಷ ಅಲೆಕ್ಸಾಂಡರ್ ತನ್ನ ಪಾದ್ರಿಗಳ ಮುಂದೆ ತಂದೆ ಮಗನ ಏಕತ್ವವನ್ನು ಕುರಿತು ಉಪನ್ಯಾಸ ಮಾಡಿದ. ಅದರಲ್ಲಿ ಸಬೆಲಿಯಸ್‌ನ ವಾಸನೆ ಬಂತೆಂದು ಆರಿಯಸ್ ಎದ್ದು ಆಕ್ಷೇಪಿಸಿದನೆಂದು ಮರು ಶತಮಾನದ ಇತಿಹಾಸಕಾರ ಸಾಕ್ರಟೀಸ್ ಬರೆದಿದ್ದಾನೆ. ಈತ ಗ್ರೀಕ್ ದಾರ್ಶನಿಕನಲ್ಲ, ಅದೇ ಹೆಸರಿನ ಚರ್ಚ್ ಇತಿಹಾಸಕಾರ.

ಆರಿಯಸ್‌ನ ವಾದಸರಣಿ ಸರಳವಾಗಿತ್ತು. ದೇವರು ಒಬ್ಬನೇ; ಯಾವುದರಿಂದಲೂ ಹುಟ್ಟದೆ ಇರುವುದೇ ಅವನ ಲಕ್ಷಣ. ಮಗನು ತಂದೆಯಿಂದ ಬಂದವನೆಂದ ಮೇಲೆ ಅವನಿಗೆ ಆದಿಯಿದೆ. ಆದಿಯಿರುವುದು ಹುಟ್ಟದವನಿಗೆ ಸಮವಾಗಲಾರದು. ತಂದೆಯ ಸತ್ತ್ವವನ್ನೇ ಒಡೆದು ಮಗನಾಯಿತೆಂದರೆ ದೇವರನ್ನು ತುಂಡಾಗುವ ವಸ್ತುವಿನಂತೆ ಭಾವಿಸಿದಂತಾಗುತ್ತದೆ. ಆದುದರಿಂದ ಮಗನು ತಂದೆಯ ಇಚ್ಛೆಯಿಂದ, ಶೂನ್ಯದಿಂದ ಉಂಟಾದವನು; ಕಾಲವೂ ಲೋಕವೂ ಹುಟ್ಟುವ ಮೊದಲೇ ಉಂಟಾದ ಮೊದಲ, ಪರಿಪೂರ್ಣ ಸೃಷ್ಟಿ. ಮಿಕ್ಕೆಲ್ಲವೂ ಉಂಟಾದದ್ದು ಅವನ ಮೂಲಕ. ಅವನು ಇಲ್ಲದ ಒಂದು ಸ್ಥಿತಿ ಇತ್ತು ಎಂಬುದು ಈ ವಾದದ ಕೊನೆಯ ಮೆಟ್ಟಿಲು. ಜ್ಞಾನೋಕ್ತಿಗಳ 8ನೆಯ ಅಧ್ಯಾಯದಲ್ಲಿ ದೈವೀ ಜ್ಞಾನವು ತನ್ನ ಉತ್ಪತ್ತಿಯನ್ನು ಹೇಳಿಕೊಳ್ಳುವ ಮಾತನ್ನೂ, ಯೊವಾನ್ನನ ಸುವಾರ್ತೆಯಲ್ಲಿ ಯೇಸು ತಂದೆಯನ್ನು ತನಗಿಂತ ದೊಡ್ಡವನೆಂದು ಹೇಳುವ ಮಾತನ್ನೂ ಆರಿಯಸ್‌ನ ಬಳಗ ಆಧಾರವಾಗಿ ಒಡ್ಡುತ್ತಿತ್ತು.

ಇಲ್ಲಿ ಒಂದು ಅಂಶ ಗಮನಾರ್ಹ. ಆರಿಯಸ್ ದತ್ತಕವಾದಿಯಲ್ಲ. ಯೇಸು ಬರಿಯ ಮನುಷ್ಯನೆಂದು ಆತ ಹೇಳಲಿಲ್ಲ. ಯುಗಗಳಿಗೂ ಮೊದಲಿನ ದೈವಿಕ ಪುರುಷನೆಂದೇ ಆರಾಧಿಸಿದ. ನಮ್ಮ ದ್ವೈತ ವೇದಾಂತದ ಪರಿಭಾಷೆಯ ಪರಿಚಯವುಳ್ಳವರು ಇದನ್ನು ಬೇಗ ಗ್ರಹಿಸಬಲ್ಲರು. ತತ್ತ್ವವು ಸ್ವತಂತ್ರ, ಅಸ್ವತಂತ್ರವೆಂದು ಎರಡು ಬಗೆ ಎಂದು ಮಧ್ವಾಚಾರ್ಯರು ವಿಂಗಡಿಸಿದರು. ಆರಿಯಸ್‌ನ ದೃಷ್ಟಿಯಲ್ಲಿ ತಂದೆಯೊಬ್ಬನೇ ಸ್ವತಂತ್ರ. ಮಗನು ಅಸ್ವತಂತ್ರರಲ್ಲಿ ಎಲ್ಲರಿಗಿಂತ ಮೇಲಿನವನು. ಈ ಹೋಲಿಕೆ ತಿಳಿವಳಿಕೆಯ ಅನುಕೂಲಕ್ಕೆ ಮಾತ್ರ. ಎರಡು ಮತಗಳ ಹುಟ್ಟೂ ಹಾದಿಯೂ ಬೇರೆ ಬೇರೆ.

ಎದುರು ಪಕ್ಷದ ಆತಂಕವೂ ಕ್ಷುಲ್ಲಕವಾಗಿರಲಿಲ್ಲ. ಅಲೆಕ್ಸಾಂಡರನಿಗೆ, ಮುಂದೆ ಆತನ ಉತ್ತರಾಧಿಕಾರಿಯಾದ ಅಥನಾಸಿಯಸ್‌ಗೆ, ಪ್ರಶ್ನೆ ತರ್ಕದ್ದಲ್ಲ, ಮೋಕ್ಷದ್ದು. ಸೃಷ್ಟಿಯಾದವನು ಎಷ್ಟೇ ಎತ್ತರದಲ್ಲಿದ್ದರೂ ಸೃಷ್ಟಿಯ ಸಾಲಿನವನೇ. ಅವನು ಇತರ ಜೀವರನ್ನು ದೇವರೊಡನೆ ಸೇರಿಸಬಲ್ಲನೆ? ಕ್ರಿಸ್ತನಲ್ಲಿ ಭಕ್ತನು ಕಂಡದ್ದು ದೇವರನ್ನೇ ಅಲ್ಲವಾದರೆ ಆ ದರ್ಶನದ ಬೆಲೆಯೇನು? ಎಂದೆಂದಿಗೂ ತಂದೆಯಾಗಿರುವವನಿಗೆ ಎಂದೆಂದಿಗೂ ಮಗನಿರಲೇಬೇಕು ಎಂಬುದು ಅವರ ನಿಲುವು. ಒಬ್ಬನು ದೇವರ ಏಕತ್ವವನ್ನು ಕಾಯಲು ಹೊರಟ, ಇನ್ನೊಬ್ಬನು ಮನುಷ್ಯನ ಉದ್ಧಾರವನ್ನು ಕಾಯಲು ಹೊರಟ. ಇಬ್ಬರೂ ಒಂದೇ ಧರ್ಮಗ್ರಂಥವನ್ನು ಹಿಡಿದಿದ್ದರು.

ಬೀದಿಗೆ ಇಳಿದ ವಾದ

ಈಜಿಪ್ಟ್ ಮತ್ತು ಲಿಬಿಯದ ಸುಮಾರು ನೂರು ಧರ್ಮಾಧ್ಯಕ್ಷರ ಸಭೆ ಕರೆದು ಅಲೆಕ್ಸಾಂಡರ್ ಆರಿಯಸ್‌ನನ್ನೂ ಆತನ ಜತೆಗಾರರನ್ನೂ ಬಹಿಷ್ಕರಿಸಿದ. ಆರಿಯಸ್ ಪ್ಯಾಲೆಸ್ಟೈನಿಗೆ ಹೋದ. ಕೈಸರಿಯದ ಯುಸೀಬಿಯಸ್, ಅಂದಿನ ಪೂರ್ವ ರಾಜಧಾನಿ ನಿಕೊಮೀಡಿಯದ ಧರ್ಮಾಧ್ಯಕ್ಷನಾಗಿದ್ದ ಇನ್ನೊಬ್ಬ ಯುಸೀಬಿಯಸ್, ಇಬ್ಬರೂ ಆತನಿಗೆ ಬೆಂಬಲವಾಗಿ ನಿಂತರು. ಪೂರ್ವದ ಚರ್ಚುಗಳಲ್ಲೆಲ್ಲ ಪತ್ರಗಳ ಓಡಾಟ ಆರಂಭವಾಯಿತು.

ಇದೇ ಕಾಲದಲ್ಲಿ ಆರಿಯಸ್ ಥಾಲಿಯ ಎಂಬ ಕೃತಿಯನ್ನು ರಚಿಸಿದ. ಆ ಪದಕ್ಕೆ ಔತಣವೆಂದು ಅರ್ಥ. ಅದು ಛಂದೋಬದ್ಧವಾಗಿತ್ತು. ನಾವಿಕರು, ಗಿರಣಿಯಲ್ಲಿ ಬೀಸುವವರು, ದಾರಿ ನಡೆಯುವವರು ಹಾಡಿಕೊಳ್ಳಲೆಂದು ಆತ ಪದಗಳನ್ನು ಕಟ್ಟಿದನೆಂದು ಆತನ ಪಂಥಕ್ಕೆ ಸಹಾನುಭೂತಿಯಿದ್ದ ಇತಿಹಾಸಕಾರ ಫಿಲೊಸ್ಟೋರ್ಜಿಯಸ್ ತಿಳಿಸಿದ್ದಾನೆ. ತತ್ತ್ವವನ್ನು ಬೀಸುವ ಕಲ್ಲಿನ ಬಳಿಗೆ ಒಯ್ಯುವುದು ಎಂತಹ ಕೆಲಸವೆಂಬುದು ದಾಸರ ಪದಗಳನ್ನೂ ತತ್ತ್ವಪದಗಳನ್ನೂ ಕೇಳಿ ಬೆಳೆದ ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಪಂಡಿತರ ನಡುವೆ ಇದ್ದ ಪ್ರಶ್ನೆ ಹೀಗೆ ಬಂದರಿಗೂ ಸಂತೆಗೂ ತಲುಪಿತು. ಈ ವಿವಾದದ ಕೊನೆಯ ಹಂತದಲ್ಲಿ, ಅಂದರೆ 380ರ ಸುಮಾರಿಗೆ, ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ಹಣ ಬದಲಿಸುವವನನ್ನು ದರ ಕೇಳಿದರೂ, ರೊಟ್ಟಿ ಮಾರುವವನನ್ನು ಬೆಲೆ ಕೇಳಿದರೂ ತಂದೆ ಮಗನ ತಾರತಮ್ಯದ ವಿಚಾರವೇ ಉತ್ತರವಾಗಿ ಬರುತ್ತಿತ್ತೆಂದು ನಿಸ್ಸದ ಗ್ರೆಗರಿ ಹಾಸ್ಯ ಮಾಡಿದ್ದಾನೆ.

324ರಲ್ಲಿ ಲಿಸಿನಿಯಸ್‌ನನ್ನು ಸೋಲಿಸಿ ಸಾಮ್ರಾಜ್ಯಕ್ಕೆಲ್ಲ ಒಬ್ಬನೇ ಒಡೆಯನಾದ ಕಾನ್‌ಸ್ಟಂಟೈನನಿಗೆ ಈ ಜಗಳ ತಲೆನೋವಾಯಿತು. ಆತ ಅಲೆಕ್ಸಾಂಡರ್ ಮತ್ತು ಆರಿಯಸ್ ಇಬ್ಬರಿಗೂ ಸೇರಿಸಿ ಒಂದೇ ಪತ್ರ ಬರೆದು, ಸ್ಪೇನಿನ ಕಾರ್ಡೊಬದ ಧರ್ಮಾಧ್ಯಕ್ಷ ಹೋಸಿಯಸ್‌ನ ಕೈಯಲ್ಲಿ ಕಳುಹಿಸಿದ. ಇಂತಹ ಸೂಕ್ಷ್ಮ ಪ್ರಶ್ನೆಯನ್ನು ಒಬ್ಬನು ಕೇಳಬಾರದಿತ್ತು, ಇನ್ನೊಬ್ಬನು ಉತ್ತರಿಸಬಾರದಿತ್ತು, ಇಬ್ಬರೂ ರಾಜಿಯಾಗಬೇಕು ಎಂಬುದು ಅದರ ಸಾರಾಂಶ. ಸಾಮ್ರಾಟನಿಗೆ ಬೇಕಾಗಿದ್ದುದು ನೆಮ್ಮದಿ. ರಾಜಿಯಾಗಲಿಲ್ಲ. ಆತ ಮಹಾಸಭೆಯನ್ನು ಕರೆದ.

ನೈಸಿಯಾ, 325

ಆ ವರ್ಷದ ಮೇ, ಜೂನ್ ತಿಂಗಳಲ್ಲಿ ನೈಸಿಯಾದ ಅರಮನೆಯಲ್ಲಿ ಸಭೆ ಸೇರಿತು. ಬಂದವರು 250ರಿಂದ 300 ಮಂದಿ ಧರ್ಮಾಧ್ಯಕ್ಷರು. ಅಬ್ರಹಾಮನ ಸೇವಕರ ಸಂಖ್ಯೆಗೆ ಸರಿಹೊಂದುವ 318 ಎಂಬ ಎಣಿಕೆ ಮುಂದೆ ಸಂಪ್ರದಾಯದಲ್ಲಿ ನೆಲೆಯಾಯಿತು. ಹನ್ನೆರಡು ವರ್ಷಗಳ ಹಿಂದೆ ಇದೇ ಸಾಮ್ರಾಜ್ಯ ಬೇಟೆಯಾಡುತ್ತಿದ್ದ ಜನ ಈಗ ಚಕ್ರವರ್ತಿಯ ಅತಿಥಿಗಳು. ಅವರಲ್ಲಿ ಕೆಲವರ ಮೈಮೇಲೆ ಹಿಂದಿನ ಹಿಂಸೆಯ ಗಾಯದ ಕಲೆಗಳಿನ್ನೂ ಇದ್ದವು. ಆರಿಯಸ್ ಪಾದ್ರಿಯಷ್ಟೇ ಆಗಿದ್ದುದರಿಂದ ಆತನಿಗೆ ಮತಾಧಿಕಾರವಿರಲಿಲ್ಲ. ಅಲೆಕ್ಸಾಂಡರನ ಜತೆಯಲ್ಲಿ ಬಂದಿದ್ದ ತರುಣ ಸೇವಾಧಿಕಾರಿ ಅಥನಾಸಿಯಸ್‌ಗೂ ಇರಲಿಲ್ಲ. ಮೈರದ ಧರ್ಮಾಧ್ಯಕ್ಷ ನಿಕೋಲಾಸ್, ಅಂದರೆ ಮುಂದೆ ಕ್ರಿಸ್ಮಸ್ ತಾತನಾಗಿ ಮಕ್ಕಳಿಗೆ ಪರಿಚಿತನಾದ ಸಂತ, ಸಭೆಯಲ್ಲೇ ಆರಿಯಸ್‌ನ ಕೆನ್ನೆಗೆ ಹೊಡೆದನೆಂಬ ಕಥೆ ಬಹಳ ಪ್ರಚಾರದಲ್ಲಿದೆ. ಅದು ಶತಮಾನಗಳ ಬಳಿಕ ಹುಟ್ಟಿದ ಕಥೆ. ಸಮಕಾಲೀನರು ಯಾರೂ ಅದನ್ನು ಬರೆದಿಲ್ಲ.

ಸಭೆಯ ತೊಡಕು ಪದಗಳದ್ದು. ಧರ್ಮಗ್ರಂಥದಿಂದ ಯಾವ ಪದವನ್ನೆತ್ತಿ ಇಟ್ಟರೂ ಆರಿಯಸ್‌ನ ಬಳಗ ಅದನ್ನು ತನ್ನ ಅರ್ಥದಲ್ಲಿ ಒಪ್ಪಿಬಿಡುತ್ತಿತ್ತು. ಕೊನೆಗೆ ಬೈಬಲ್ಲಿನಲ್ಲಿಲ್ಲದ ಒಂದು ಗ್ರೀಕ್ ಪದವನ್ನು ತರಲಾಯಿತು: ಹೋಮೂಸಿಯೋಸ್. ಒಂದೇ ಸತ್ತ್ವವುಳ್ಳವನು ಎಂದು ಅದರ ಅರ್ಥ. ಸಾಮ್ರಾಟನೇ ಆ ಪದವನ್ನು ಒತ್ತಾಯಿಸಿದನೆಂದು ಕೈಸರಿಯದ ಯುಸೀಬಿಯಸ್ ತನ್ನ ಊರಿನವರಿಗೆ ಬರೆದ ಪತ್ರದಲ್ಲಿ ಸೂಚಿಸಿದ್ದಾನೆ. ವಿಚಿತ್ರವೆಂದರೆ ಸಮೊಸಾಟದ ಪೌಲನನ್ನು ಖಂಡಿಸಿದ 268ರ ಸಭೆ ಇದೇ ಪದವನ್ನು ತಿರಸ್ಕರಿಸಿತ್ತು. ಅದಕ್ಕಾಗಿಯೇ ಆರಿಯಸ್‌ನ ಪಕ್ಷದವರಲ್ಲದ ಎಷ್ಟೋ ಮಂದಿಗೂ ಅದು ರುಚಿಸಲಿಲ್ಲ.

ಆದರೂ ಬಹುತೇಕ ಎಲ್ಲರೂ ಸಹಿ ಹಾಕಿದರು. ಮಗನು ತಂದೆಯ ಸತ್ತ್ವದಿಂದ ಜನಿಸಿದವನು, ಸೃಷ್ಟಿಯಾದವನಲ್ಲ, ತಂದೆಯೊಡನೆ ಏಕಸತ್ತ್ವನು ಎಂದು ಸಭೆ ಸಾರಿತು. ಅವನಿಗೆ ಆದಿಯುಂಟೆನ್ನುವವರನ್ನು ಶಪಿಸಿತು. ಸಹಿ ಹಾಕಲು ಕೊನೆಯವರೆಗೂ ಒಪ್ಪದವರು ಇಬ್ಬರೇ: ಟಾಲಮೈಸ್‌ನ ಸೆಕುಂಡಸ್, ಮಾರ್ಮರಿಕದ ಥಿಯೊನಾಸ್. ಇಬ್ಬರೂ ಲಿಬಿಯದ ಕಡೆಯವರು. ಆರಿಯಸ್‌ನ ಜತೆ ಅವರನ್ನೂ ಇಲ್ಲಿರಿಕಮ್ ಪ್ರಾಂತಕ್ಕೆ ಗಡೀಪಾರು ಮಾಡಲಾಯಿತು. ಒಂದು ತತ್ತ್ವವಿಚಾರದ ತೀರ್ಪನ್ನು ರಾಜಶಿಕ್ಷೆಯಿಂದ ಜಾರಿಗೊಳಿಸಿದ ಈ ಕ್ರಮವೇ ಮುಂದಿನ ಶತಮಾನಗಳಿಗೆ ಮೇಲ್ಪಂಕ್ತಿಯಾಯಿತು.

ಗಡೀಪಾರು ಮತ್ತು ಮರಳುವಿಕೆ

ಕಾನ್‌ಸ್ಟಂಟೈನನ ಮನಸ್ಸು ಎರಡು ಮೂರು ವರ್ಷಗಳಲ್ಲೇ ತಿರುಗಿತು. ಆರಿಯಸ್ ತನ್ನ ಗೆಳೆಯ ಯುಜೋಯಸ್‌ನೊಡನೆ ಒಂದು ವಿಶ್ವಾಸ ನಿವೇದನೆಯನ್ನು ಬರೆದು ಸಾಮ್ರಾಟನಿಗೆ ಒಪ್ಪಿಸಿದ. ಅದರಲ್ಲಿ ವಿವಾದದ ಪದಗಳು ಯಾವ ಕಡೆಯವೂ ಇರಲಿಲ್ಲ. ಆತ ತನ್ನ ಮತವನ್ನು ಬಿಟ್ಟನೋ, ಬರಿದೆ ಮೌನವಹಿಸಿದನೋ ಎಂಬುದು ಅದರಿಂದ ತಿಳಿಯುವುದಿಲ್ಲ. ಎಪ್ಪತ್ತರ ಹರೆಯದ ಮುದುಕ ತನ್ನ ಚರ್ಚಿಗೆ ಮರಳಲು ಬಯಸಿದನೆಂಬುದಂತೂ ಸ್ಪಷ್ಟ. ಸಾಮ್ರಾಟ ಒಪ್ಪಿದ. ಆದರೆ ಅಲೆಕ್ಸಾಂಡ್ರಿಯದ ಬಾಗಿಲು ತೆರೆಯಲಿಲ್ಲ. 328ರ ಏಪ್ರಿಲ್‌ನಲ್ಲಿ ಅಲೆಕ್ಸಾಂಡರ್ ತೀರಿಕೊಂಡ. ಜೂನ್‌ನಲ್ಲಿ ಅಥನಾಸಿಯಸ್ ಆ ಪೀಠವನ್ನೇರಿದ. ಸಾಮ್ರಾಟ ಬೆದರಿಸಿದರೂ ಆರಿಯಸ್‌ನನ್ನು ಸೇರಿಸಿಕೊಳ್ಳಲು ಆತ ಒಪ್ಪಲಿಲ್ಲ.

ನಡುವೆ ಸಾಮ್ರಾಟ ಇನ್ನೊಮ್ಮೆ ಮುನಿದ. 333ರಲ್ಲಿ ಹೊರಟಿತೆಂದು ವಿದ್ವಾಂಸರು ಗುರುತಿಸುವ ಆತನ ಶಾಸನ, ಆರಿಯಸ್‌ನ ಬರಹಗಳು ಎಲ್ಲಿ ಸಿಕ್ಕರೂ ಬೆಂಕಿಗೆ ಹಾಕಬೇಕು, ಬಚ್ಚಿಟ್ಟವರಿಗೆ ಮರಣದಂಡನೆ ಎಂದು ವಿಧಿಸಿತು. ಮೂವತ್ತು ವರ್ಷಗಳ ಹಿಂದೆ ಡಯೊಕ್ಲೀಷಿಯನ್ ಕ್ರೈಸ್ತರ ಗ್ರಂಥಗಳಿಗೆ ವಿಧಿಸಿದ್ದ ಶಿಕ್ಷೆಯೇ ಈಗ ಒಬ್ಬ ಕ್ರೈಸ್ತ ಪಾದ್ರಿಯ ಗ್ರಂಥಗಳಿಗೆ, ಕ್ರೈಸ್ತರ ಪೋಷಕನೆನಿಸಿದ ದೊರೆಯಿಂದ ಬಂದಿತು.

ಆದರೆ 335ರ ಹೊತ್ತಿಗೆ ಗಾಳಿ ಪೂರ್ತಿ ಆಚೆಗೆ ಬೀಸಿತು. ಟೈರ್ ನಗರದ ಸಭೆ ಅಥನಾಸಿಯಸ್‌ನನ್ನು ಪದಚ್ಯುತಗೊಳಿಸಿತು. ಅಲ್ಲಿಂದ ಜೆರೂಸಲೇಮಿಗೆ ಹೋದ ಅದೇ ಧರ್ಮಾಧ್ಯಕ್ಷರು, ಪವಿತ್ರ ಸಮಾಧಿಯ ಹೊಸ ಚರ್ಚಿನ ಪ್ರತಿಷ್ಠೆಗೆಂದು ಸೇರಿದ್ದಾಗ, ಆರಿಯಸ್‌ನ ನಿವೇದನೆ ಸರಿಯಿದೆಯೆಂದು ಒಪ್ಪಿ ಆತನನ್ನು ಚರ್ಚಿನ ಸಹಭಾಗಿತ್ವಕ್ಕೆ ಮರಳಿ ಸೇರಿಸಬಹುದೆಂದು ತೀರ್ಮಾನಿಸಿದರು. ಅಥನಾಸಿಯಸ್‌ನನ್ನು ಇಂದು ಜರ್ಮನಿಯಲ್ಲಿರುವ ಟ್ರಿಯರ್‌ಗೆ ಗಡೀಪಾರು ಮಾಡಲಾಯಿತು. ಹತ್ತು ವರ್ಷಗಳ ಹಿಂದೆ ಆರಿಯಸ್‌ನನ್ನು ಹೊರದೂಡಿದ ಅರಸನೇ ಈಗ ಆರಿಯಸ್‌ನ ಎದುರಾಳಿಯನ್ನು ಹೊರದೂಡಿದ. ಅಥನಾಸಿಯಸ್ ತನ್ನ ಜೀವಮಾನದಲ್ಲಿ ಹೀಗೆ ಐದು ಸಲ ಪೀಠ ಬಿಟ್ಟು ಹೋಗಬೇಕಾಯಿತು. 45 ವರ್ಷಗಳ ಅಧಿಕಾರಾವಧಿಯಲ್ಲಿ ಸುಮಾರು 17 ವರ್ಷ ಹೊರಗೇ ಕಳೆಯಿತು.

ಒಂದು ಸಂಜೆಯ ಸಾವು

336ರಲ್ಲಿ ಆರಿಯಸ್ ಕಾನ್‌ಸ್ಟಾಂಟಿನೋಪಲ್‌ನಲ್ಲಿದ್ದ. ಸಾಮ್ರಾಟ ಆತನನ್ನು ಕರೆಸಿ ವಿಚಾರಿಸಿ, ತೃಪ್ತನಾಗಿ, ಮರುದಿನ ಭಾನುವಾರ ಪ್ರಭುಭೋಜನಕ್ಕೆ ಸೇರಿಸಿಕೊಳ್ಳುವಂತೆ ನಗರದ ಧರ್ಮಾಧ್ಯಕ್ಷನಿಗೆ ಆಜ್ಞಾಪಿಸಿದ. ಆ ಧರ್ಮಾಧ್ಯಕ್ಷನ ಹೆಸರೂ ಅಲೆಕ್ಸಾಂಡರ್; ನೈಸಿಯಾದ ಕಟ್ಟಾ ಅನುಯಾಯಿ. ತನ್ನನ್ನಾದರೂ ಆರಿಯಸ್‌ನನ್ನಾದರೂ ಈ ಲೋಕದಿಂದ ಕರೆದುಕೊಳ್ಳಬೇಕೆಂದು ಆತ ಚರ್ಚಿನಲ್ಲಿ ಬಿದ್ದು ಪ್ರಾರ್ಥಿಸಿದನಂತೆ. ಆ ಶನಿವಾರ ಸಂಜೆ ನಗರದ ದೊಡ್ಡ ಚೌಕದ ಬಳಿ ನಡೆದು ಹೋಗುತ್ತಿದ್ದ ಆರಿಯಸ್‌ಗೆ ಹೊಟ್ಟೆ ನೋವು ಕಾಣಿಸಿಕೊಂಡಿತು. ಹತ್ತಿರದ ಸಾರ್ವಜನಿಕ ಶೌಚಾಲಯಕ್ಕೆ ಹೋದವನು ಅಲ್ಲೇ ಪ್ರಾಣಬಿಟ್ಟ.

ಈ ವೃತ್ತಾಂತವನ್ನು ನಮಗೆ ತಲುಪಿಸಿದವನು ಅಥನಾಸಿಯಸ್. ಆಗ ಆತ ದೂರದ ಟ್ರಿಯರ್‌ನಲ್ಲಿದ್ದ. ಮಕಾರಿಯಸ್ ಎಂಬ ಪಾದ್ರಿ ಹೇಳಿದ್ದನ್ನು ಕೇಳಿ, ಇಪ್ಪತ್ತು ವರ್ಷಗಳ ಬಳಿಕ ಪತ್ರವೊಂದರಲ್ಲಿ ಬರೆದ. ಬೈಬಲ್ಲಿನ ದ್ರೋಹಿ ಯೂದನ ಸಾವಿನ ವರ್ಣನೆಗೆ ಹೊಂದುವಂತೆ ಅದು ಮೂಡಿಬಂದಿದೆ. ದೈವವೇ ತೀರ್ಪು ಕೊಟ್ಟಿತೆಂದು ಒಂದು ಪಕ್ಷ ಸಂಭ್ರಮಿಸಿತು. ವಿಷಪ್ರಯೋಗವಿರಬಹುದೇ ಎಂದು ಮುಂದಿನವರು ಶಂಕಿಸಿದ್ದೂ ಉಂಟು. ಎಂಬತ್ತರ ಹತ್ತಿರದ ವೃದ್ಧನೊಬ್ಬ ಸಹಜ ಕಾಯಿಲೆಯಿಂದ ತೀರಿಕೊಂಡಿರಬಹುದು ಎಂಬ ಸಾಮಾನ್ಯ ಸಾಧ್ಯತೆಗೆ ಮಾತ್ರ ಆ ಕಾಲದಲ್ಲಿ ಗಿರಾಕಿಗಳು ಕಡಿಮೆ.

ಮರುವರ್ಷ, 337ರಲ್ಲಿ, ಮರಣಶಯ್ಯೆಯಲ್ಲಿದ್ದ ಕಾನ್‌ಸ್ಟಂಟೈನನಿಗೆ ದೀಕ್ಷಾಸ್ನಾನ ಕೊಟ್ಟವನು ನಿಕೊಮೀಡಿಯದ ಯುಸೀಬಿಯಸ್, ಆರಿಯಸ್‌ನ ಹಳೆಯ ಸಹಪಾಠಿ.

ಬೆಂಕಿಯಿಂದ ಉಳಿದದ್ದು

ಆರಿಯಸ್ ಸತ್ತ ಮೇಲೆ ಆತನ ಹೆಸರಿನ ವಿವಾದ ಇನ್ನೂ 45 ವರ್ಷ ನಡೆಯಿತು. ಏಕಸತ್ತ್ವ ಎಂಬ ಪದಕ್ಕೆ ಬದಲಾಗಿ ಸಮಾನಸತ್ತ್ವ ಎಂಬರ್ಥದ ಪದವನ್ನಿಡಲು ಒಂದು ಬಳಗ ಯತ್ನಿಸಿತು. ಗ್ರೀಕಿನಲ್ಲಿ ಎರಡಕ್ಕೂ ಒಂದೇ ಅಕ್ಷರದ ವ್ಯತ್ಯಾಸ. ಒಂದಕ್ಷರಕ್ಕಾಗಿ ಸಾಮ್ರಾಜ್ಯ ಸೀಳಿತೆಂದು ನಗುವವರಿದ್ದಾರೆ. ಆದರೆ ಅದ್ವೈತ, ದ್ವೈತ ಎಂಬ ಹೆಸರುಗಳ ನಡುವೆ ಇರುವುದೂ ಒಂದಕ್ಷರವೇ. ಆ ಅಕ್ಷರದ ಭಾರ ಬಸವನಗುಡಿಯವರಿಗೆ ಗೊತ್ತು. ಕಾನ್‌ಸ್ಟಂಟೈನನ ಮಗ ಕಾನ್‌ಸ್ಟಾಂಟಿಯಸ್ ನೈಸಿಯಾದ ಪದವನ್ನು ವಿರೋಧಿಸಿ, ಅದನ್ನು ಒಪ್ಪುವವರನ್ನು ಗಡೀಪಾರು ಮಾಡಿದ. 380ರಲ್ಲಿ ಥಿಯೊಡೋಸಿಯಸ್ ಚಕ್ರವರ್ತಿ ನೈಸಿಯಾದ ಮತವನ್ನೇ ಸಾಮ್ರಾಜ್ಯದ ಮತವೆಂದು ಸಾರಿದ. 381ರ ಕಾನ್‌ಸ್ಟಾಂಟಿನೋಪಲ್ ಸಭೆ ಅದನ್ನು ದೃಢಪಡಿಸಿತು. ಗಡಿಯಾಚೆಯ ಗಾಥ್ ಜನರಿಗೆ ಬೈಬಲ್ಲನ್ನು ಅವರ ಭಾಷೆಗೆ ಅನುವಾದಿಸಿಕೊಟ್ಟ ಉಲ್ಫಿಲಾಸ್ ನೈಸಿಯಾ ವಿರೋಧಿ ಬಳಗದವನಾದುದರಿಂದ, ಗಾಥರು, ವಾಂಡಲರು ಮೊದಲಾದ ಜರ್ಮನಿಕ್ ಜನಾಂಗಗಳಲ್ಲಿ ಈ ಮತ ಇನ್ನೂ ಎರಡು ಶತಮಾನ ಬಾಳಿತು. ಸ್ಪೇನಿನ ವಿಸಿಗಾಥರು ಅದನ್ನು ಬಿಟ್ಟದ್ದು 589ರಲ್ಲಿ.

ಆರಿಯಸ್‌ನ ಸ್ವಂತ ಬರಹಗಳಲ್ಲಿ ಇಂದು ಉಳಿದಿರುವುದು ಮೂರು ಪತ್ರಗಳು, ಥಾಲಿಯದ ಕೆಲವು ಚೂರುಗಳು. ಇವು ಉಳಿದದ್ದಾದರೂ ಹೇಗೆ? ಥಾಲಿಯದ ಆ ಸಾಲುಗಳನ್ನು ಖಂಡಿಸಲೆಂದು ಅಥನಾಸಿಯಸ್ ತನ್ನ ಗ್ರಂಥಗಳಲ್ಲಿ ಎತ್ತಿ ಬರೆದ. ಪತ್ರಗಳೂ ವಿರೋಧಿ ಇತಿಹಾಸಕಾರರ ಹೊತ್ತಗೆಗಳಲ್ಲೇ ಉಳಿದುಬಂದವು. ಅರಸನ ಬೆಂಕಿ ಅಳಿಸಹೊರಟದ್ದನ್ನು ಎದುರಾಳಿಯ ಲೇಖನಿ ಉಳಿಸಿತು. ನಮ್ಮಲ್ಲಿಯೂ ಚಾರ್ವಾಕರ ಗತಿ ಹೀಗೆಯೇ ಆಯಿತು. ಅವರ ಗ್ರಂಥಗಳು ನಷ್ಟವಾಗಿದ್ದರೂ 14ನೆಯ ಶತಮಾನದ ವಿಜಯನಗರ ಕಾಲದ ಮಾಧವಾಚಾರ್ಯರ ಸರ್ವದರ್ಶನ ಸಂಗ್ರಹದ ಮೊದಲ ಅಧ್ಯಾಯದಲ್ಲೇ ಅವರ ಮತ ನಿರೂಪಿತವಾಗಿದೆ. ತಾನು ಒಪ್ಪದ ದರ್ಶನವನ್ನು ಆಚಾರ್ಯರು ಮೊದಲಿಗೆ ನಿಲ್ಲಿಸಿ ಮಾತನಾಡಿಸಿದರು. ಆರಿಯಸ್‌ಗೆ ಅಷ್ಟು ಉದಾರನಾದ ನಿರೂಪಕ ಬಹುಕಾಲ ದೊರೆಯಲಿಲ್ಲ. 1987ರಲ್ಲಿ ರೋವನ್ ವಿಲಿಯಮ್ಸ್ ಆತನನ್ನು ಕುರಿತು ಒಂದು ವಿಸ್ತಾರವಾದ ಅಧ್ಯಯನ ಪ್ರಕಟಿಸಿ, ಆತ ಚರ್ಚನ್ನು ಒಡೆಯಬಂದ ಧೂರ್ತನಲ್ಲ, ತನ್ನ ಪರಂಪರೆಯನ್ನು ಉಳಿಸಹೊರಟ ಶ್ರದ್ಧಾವಂತ ಚಿಂತಕನೆಂದು ತೋರಿಸಿಕೊಟ್ಟರು. ಆ ವಿಲಿಯಮ್ಸ್ ಅವರೇ ಮುಂದೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆದರು. ಅಂದರೆ ನೈಸಿಯಾದ ವಿಶ್ವಾಸಪ್ರಮಾಣವನ್ನು ಹೇಳುವ ಚರ್ಚಿನ ಪ್ರಮುಖರು. ಪೂರ್ವಪಕ್ಷ ಒಪ್ಪವಾಗಿ ಮಂಡಿತವಾಗಲು 1650 ವರ್ಷ ಹಿಡಿಯಿತು.

ನಮ್ಮ ನೆಲದಲ್ಲಿ ಇದೇ ಪ್ರಶ್ನೆ

ಭಾರತದಲ್ಲಿ ಈ ಪ್ರಶ್ನೆಯನ್ನು ಬಹಿರಂಗವಾಗಿ ಎತ್ತಿದವರಲ್ಲಿ ಪ್ರಮುಖರು, ಬೆಂಗಳೂರಿನ ರಸ್ತೆಯೊಂದಕ್ಕೂ ಹೆಸರಾಗಿರುವ ರಾಜಾ ರಾಮಮೋಹನ ರಾಯರು. 1820ರಲ್ಲಿ ಅವರು ಯೇಸುವಿನ ನೀತಿಬೋಧೆಗಳನ್ನಷ್ಟೇ ಆಯ್ದು ಕಲ್ಕತ್ತೆಯಲ್ಲಿ ಪ್ರಕಟಿಸಿದರು. ಮಗನು ತಂದೆಗೆ ಅಧೀನನೆಂಬುದು ಅವರ ವಾದವಾಗಿತ್ತು. ಶ್ರೀರಾಮಪುರದ ಮಿಷನರಿ ಜೋಶುವಾ ಮಾರ್ಷ್‌ಮನ್ ಅದನ್ನು ಖಂಡಿಸಿದರು. ರಾಯರು 1823ರವರೆಗೆ ಮೂರು ಉತ್ತರಗಳನ್ನು ಬರೆದರು. ಮೂರನೆಯದನ್ನು ಮಿಷನ್ ಮುದ್ರಣಾಲಯ ಅಚ್ಚು ಹಾಕಲು ಒಪ್ಪದಿದ್ದಾಗ ತಾವೇ ಮುದ್ರಣಾಲಯ ಸ್ಥಾಪಿಸಿಕೊಂಡರು. ಮಾತು ಕಟುವಾಯಿತು, ಸ್ನೇಹ ಮುರಿಯಿತು. ಆದರೆ ಯಾರ ಪುಸ್ತಕವೂ ಸುಡಲಿಲ್ಲ, ಯಾರೂ ಗಡೀಪಾರಾಗಲಿಲ್ಲ. ಎರಡೂ ಪಕ್ಷಗಳ ಗ್ರಂಥಗಳು ಇಂದಿಗೂ ಓದಲು ಸಿಗುತ್ತವೆ.

ಕನ್ನಡ ನಾಡಿನವರೇ ಆದ ಸ್ಟಾನ್ಲಿ ಸಮರ್ಥ ಅವರೂ ಈ ಸಾಲಿನಲ್ಲಿ ಸ್ಮರಣೀಯರು. 1920ರಲ್ಲಿ ಕಾರ್ಕಳದಲ್ಲಿ ಹುಟ್ಟಿ, 2001ರಲ್ಲಿ ಬೆಂಗಳೂರಿನಲ್ಲಿ ನಿಧನರಾದ ಈ ದೇವತಾಶಾಸ್ತ್ರಜ್ಞರು, ಕ್ರಿಸ್ತನನ್ನು ಕುರಿತ ಚಿಂತನೆ ಹೆಲಿಕಾಪ್ಟರಿನಂತೆ ಧೂಳೆಬ್ಬಿಸುತ್ತ ಮೇಲಿನಿಂದ ಇಳಿಯಬಾರದು, ಎತ್ತಿನ ಗಾಡಿಯಂತೆ ನೆಲದ ಮೇಲೆ ಸಾಗಿ ಬರಬೇಕು ಎನ್ನುತ್ತಿದ್ದರು. ಅವರ ನಿಲುವು ಆರಿಯಸ್‌ನದಲ್ಲ. ಅದನ್ನು ಒಪ್ಪದ ಸಹೋದ್ಯೋಗಿಗಳೂ ಇದ್ದರು. ಅವರು ಲೇಖನಗಳಿಂದಲೇ ಉತ್ತರಿಸಿದರು.

ನೈಸಿಯಾದ ತೀರ್ಮಾನ ಸರಿಯೋ ತಪ್ಪೋ ಎಂಬುದು ಶ್ರದ್ಧೆಯುಳ್ಳವರ ವಿವೇಚನೆಗೆ ಬಿಟ್ಟ ವಿಷಯ. ಲೋಕದ ಬಹುಪಾಲು ಕ್ರೈಸ್ತರು ಅದನ್ನು ಸತ್ಯವೆಂದು ನಂಬಿ ಬಾಳುತ್ತಿದ್ದಾರೆ. ಆ ನಂಬಿಕೆಗೆ ಅಥನಾಸಿಯಸ್ ಕೊಟ್ಟ ಸಮರ್ಥನೆ ಇಂದಿಗೂ ಗಟ್ಟಿಯಾಗಿದೆ. ಅಷ್ಟು ಗಟ್ಟಿಯಾದ ಸಮರ್ಥನೆಗೆ ಗಡೀಪಾರಿನ ಆಜ್ಞೆಯ ನೆರವು ಬೇಕಿರಲಿಲ್ಲ. ನೆರವಿಗೆಂದು ಕರೆದ ಅದೇ ರಾಜದಂಡ ಹತ್ತು ವರ್ಷದೊಳಗೆ ಕರೆದವರ ಬೆನ್ನಿಗೇ ಬಿತ್ತು ಎಂಬುದನ್ನು ಇತಿಹಾಸ ದಾಖಲಿಸಿದೆ. ಮಲ್ಲೇಶ್ವರದ ಗುರುಮಠದಲ್ಲಿ ದೇವತಾಶಾಸ್ತ್ರ ಕಲಿಯುವ ತರುಣನು ಇಂದು ನೈಸಿಯಾದ ಪಾಠಕ್ಕೆ ಬಂದಾಗ ಆರಿಯಸ್‌ನ ವಾದವನ್ನೂ ಓದಲೇಬೇಕು. ಅದನ್ನು ಓದದೆ ತಾನು ಹೇಳುವ ವಿಶ್ವಾಸಪ್ರಮಾಣದ ಒಂದು ಸಾಲೂ ಅವನಿಗೆ ಪೂರ್ತಿ ಅರ್ಥವಾಗದು.